ವಿಕ್ಟೋರಿಯಾ ಕಾಲದ ನೌಕಾ ಸ್ಟೀವರ್ಡ್: ಪದಕದ ಅಂಚಿನಿಂದ ಅವನ ಬದುಕಿನವರೆಗೆ ಹುಡುಕುವ ಬಗೆ

ಹಳೇ ಪದಕ ಕೈಗೆ ಬಂದರೆ ರಾಣಿಯ ಮುಖವನ್ನು ಆಮೇಲೆ ನೋಡಿ. ಮೊದಲು ಅದನ್ನು ಅಡ್ಡ ಹಿಡಿದು ಅಂಚು ನೋಡಿ. ಸುಮಾರು 36 ಮಿ.ಮೀ. ಅಗಲದ ಬೆಳ್ಳಿ ಬಿಲ್ಲೆ ಅದು. ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ಒಂದು ಹೆಸರು, ಒಂದು ಹುದ್ದೆ, ಒಂದು ಹಡಗು ಇರುತ್ತದೆ. ಈ ಮೂರು ಸಿಕ್ಕರೆ ಸಾಕು, ನೂರೈವತ್ತು ವರ್ಷದ ಹಿಂದೆ ಬದುಕಿದ್ದ ಒಬ್ಬ ಸಾಮಾನ್ಯ ಮನುಷ್ಯನ ಜಾಡು ಹಿಡಿಯಬಹುದು.

ಈ ಬರಹ ಬ್ರಿಟನ್ನಿನ ರಾಯಲ್ ನೇವಿಯಲ್ಲಿ 1837ರಿಂದ 1901ರ ನಡುವೆ ಕೆಲಸ ಮಾಡಿದ ಸ್ಟೀವರ್ಡ್‌ಗಳ ಬಗ್ಗೆ. ಅಡ್ಮಿರಲ್‌ಗಳ ಬಗ್ಗೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಅವರಿಗೆ ಊಟ ಬಡಿಸಿದವನ ಬಗ್ಗೆ ಬರೆದವರು ಕಡಿಮೆ. ಆದರೆ ಪದಕ ಹಂಚುವಾಗ ನೌಕಾಪಡೆ ಈ ಭೇದ ಇಟ್ಟುಕೊಳ್ಳಲಿಲ್ಲ. 1882ರ ಜುಲೈ 11ರಂದು ಅಲೆಕ್ಸಾಂಡ್ರಿಯಾದ ಕೋಟೆಗಳ ಮೇಲೆ ಗುಂಡಿನ ಮಳೆ ಸುರಿದ ದಿನ ಅಡ್ಮಿರಲ್ ಬೀಚಂ ಸೀಮೋರ್ ಇನ್‌ವಿನ್ಸಿಬಲ್ ಹಡಗಿನಲ್ಲಿದ್ದರು. ಅದೇ ಹಡಗಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರೂ ಇದ್ದರು. ಆ ದಿನಕ್ಕಾಗಿ ಮೇಲಿನವರಿಗೂ ಕೆಳಗಿನವರಿಗೂ ಸಿಕ್ಕಿದ್ದು ಅದೇ ಬೆಳ್ಳಿ, ಅದೇ ಪಟ್ಟಿ, ಅದೇ ರಿಬ್ಬನ್. ನನಗೆ ಈ ಪದಕಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಮೊದಲ ಕೆಲಸ: ಅವನು ಯಾವ ಸ್ಟೀವರ್ಡ್?

ಇಲ್ಲಿ ಅವಸರ ಮಾಡಬೇಡಿ. ಸ್ಟೀವರ್ಡ್ ಅನ್ನುವ ಒಂದೇ ಪದದಡಿ ಎರಡು ಬೇರೆ ಬೇರೆ ಕೆಲಸಗಳಿದ್ದವು. ಎರಡನ್ನು ಕಲಸಿಬಿಟ್ಟರೆ ಮುಂದಿನ ಹುಡುಕಾಟ ಪೂರ್ತಿ ದಾರಿ ತಪ್ಪುತ್ತದೆ.

ಒಬ್ಬ ಶಿಪ್ಸ್ ಸ್ಟೀವರ್ಡ್. ನಮ್ಮ ಮಾತಿನಲ್ಲಿ ಹೇಳಬೇಕಾದರೆ ಹಡಗಿನ ಉಗ್ರಾಣದವನು. ಪೇಮಾಸ್ಟರ್ ಅನ್ನುವ ಅಧಿಕಾರಿಯ ಕೈಕೆಳಗೆ ಇಡೀ ಹಡಗಿನ ದಿನಸಿ ಇವನ ಜವಾಬ್ದಾರಿ. ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ಬಟಾಣಿ, ಸಕ್ಕರೆ, ಕೋಕೋ, ಚಹಾ, ರಮ್ ಎಲ್ಲವನ್ನೂ ತೂಗಿ, ಅಳೆದು ಕೊಟ್ಟು ಲೆಕ್ಕ ಬರೆಯಬೇಕು. ರಮ್ ಒಂದರ ಲೆಕ್ಕವೇ ದೊಡ್ಡದು. 1850ರ ನಂತರ ಒಬ್ಬ ನಾವಿಕನಿಗೆ ದಿನಕ್ಕೆ ಅರ್ಧ ಗಿಲ್, ಅಂದರೆ ಸುಮಾರು 71 ಮಿ.ಲೀ. ರಮ್. ಐನೂರು ಜನರ ಹಡಗಿಗೆ ದಿನಾ ಎಷ್ಟಾಯಿತು ನೋಡಿ. ಹಾಗಾಗಿ ಓದು, ಬರಹ, ಲೆಕ್ಕ ಬಾರದವನಿಗೆ ಈ ಕೆಲಸ ಸಿಗುತ್ತಿರಲಿಲ್ಲ. ಇವನ ಕೈಕೆಳಗೆ ಒಬ್ಬ ಸಹಾಯಕ, ಒಬ್ಬ ಹುಡುಗ ಇರುತ್ತಿದ್ದರು. ಉಗ್ರಾಣದಲ್ಲಿ ಹಿಟ್ಟಿನ ಧೂಳು ಮೆತ್ತಿಕೊಂಡು ಓಡಾಡುವ ಆ ಸಹಾಯಕನನ್ನು ನಾವಿಕರು ಜಾಕ್ ಡಸ್ಟಿ ಅಂತ ಕರೆಯುತ್ತಿದ್ದರು.

ಇನ್ನೊಬ್ಬ ಅಧಿಕಾರಿಗಳ ಸ್ಟೀವರ್ಡ್. ಇವನದು ಮನೆವಾರ್ತೆ. ಇದರಲ್ಲೂ ಬಗೆಗಳಿವೆ. ಕ್ಯಾಪ್ಟನ್ಸ್ ಸ್ಟೀವರ್ಡ್ ಕ್ಯಾಪ್ಟನ್ ಒಬ್ಬರ ಊಟ, ತಿಂಡಿ, ಕ್ಯಾಬಿನ್ ನೋಡಿಕೊಳ್ಳುವವನು. ವಾರ್ಡ್‌ರೂಮ್ ಸ್ಟೀವರ್ಡ್ ಲೆಫ್ಟಿನೆಂಟ್, ಸರ್ಜನ್, ಪೇಮಾಸ್ಟರ್ ಮೊದಲಾದವರ ಊಟದ ಮನೆಯನ್ನು ನಡೆಸುವವನು. ಗನ್‌ರೂಮ್ ಸ್ಟೀವರ್ಡ್ ಎಳೆ ಮಿಡ್‌ಶಿಪ್‌ಮನ್‌ಗಳ, ಅಂದರೆ ಅಧಿಕಾರಿಯಾಗಲು ಕಲಿಯುತ್ತಿದ್ದ ಹುಡುಗರ ಪಂಕ್ತಿಗೆ ಬಡಿಸುವವನು. ಹಡಗು ಬಂದರಿಗೆ ಬಂದ ಕೂಡಲೇ ದಡಕ್ಕೆ ಹೋಗಿ ತರಕಾರಿ, ಕೋಳಿ, ಮೊಟ್ಟೆ ಚೌಕಾಸಿ ಮಾಡಿ ತರುವುದೂ ಇವರದೇ ಕೆಲಸ.

ಅಂಚಿನ ಮೇಲೆ ಜಾಗ ಕಡಿಮೆ. ಹಾಗಾಗಿ ಹುದ್ದೆಯನ್ನು ಮೊಟಕು ಮಾಡಿ ಬರೆಯುತ್ತಿದ್ದರು. ಎಸ್, ಟಿ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಸ್ಟೀವರ್ಡ್. ಅದಕ್ಕೂ ಮುಂಚೆ ಡಬ್ಲ್ಯು, ಡಿ ಮತ್ತು ಆರ್, ಎಂ ಇದ್ದರೆ ವಾರ್ಡ್‌ರೂಮ್. ಜಿ, ಎನ್ ಮತ್ತು ಆರ್, ಎಂ ಇದ್ದರೆ ಗನ್‌ರೂಮ್. ಡಿ, ಓ, ಎಂ ಅಂತ ಇದ್ದು ಜೊತೆಗೆ 1, 2 ಅಥವಾ 3 ಎಂಬ ದರ್ಜೆ ಇದ್ದರೆ ಅದು ಡೊಮೆಸ್ಟಿಕ್, ಅಂದರೆ ಇದೇ ಮನೆವಾರ್ತೆ ಸಾಲಿನ ಇನ್ನೊಂದು ಮೆಟ್ಟಿಲು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಪಕ್ಕದಿಂದ ಬೀಳುವ ಬೆಳಕು, ಇಷ್ಟಿದ್ದರೆ ಸವೆದ ಅಕ್ಷರವೂ ಕಾಣುತ್ತದೆ. ದಯವಿಟ್ಟು ಪಾಲಿಶ್ ಹಾಕಿ ಉಜ್ಜಬೇಡಿ. ಉಜ್ಜಿದಷ್ಟೂ ಹೆಸರು ಹೋಗುತ್ತದೆ.

ಈ ಎರಡು ಬಗೆಯ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಇಬ್ಬರ ನೌಕರಿಯ ರೀತಿಯೇ ಬೇರೆ. 1853ರಲ್ಲಿ ರಾಯಲ್ ನೇವಿ ಕಂಟಿನ್ಯೂಯಸ್ ಸರ್ವಿಸ್ ಅನ್ನುವ ಪದ್ಧತಿ ತಂದಿತು. ಹದಿನೆಂಟು ತುಂಬಿದ ಮೇಲೆ 10 ವರ್ಷಕ್ಕೆ ಸಹಿ ಹಾಕಬೇಕು. ಮುಂದುವರಿಸಿ 20 ವರ್ಷ ಮುಗಿಸಿದರೆ ಪಿಂಚಣಿ. ಅದಕ್ಕೂ ಮೊದಲು ಒಂದು ಹಡಗಿನ ಪಯಣ ಮುಗಿದರೆ ಕೆಲಸವೂ ಮುಗಿಯಿತು. ಅಧಿಕಾರಿಗಳ ಸ್ಟೀವರ್ಡ್‌ಗಳಲ್ಲಿ ಬಹಳ ಜನ 1853ರ ನಂತರವೂ ಈ ಹಳೇ ರೀತಿಯಲ್ಲೇ ಉಳಿದರು. ಒಂದು ಹಡಗಿಗೆ ಸೇರುವುದು, ಎರಡು ಮೂರು ವರ್ಷ ದುಡಿಯುವುದು, ಇಳಿಯುವುದು. ಆದ್ದರಿಂದ ಇವರ ದಾಖಲೆಯಲ್ಲಿ ನಡುನಡುವೆ ಖಾಲಿ ವರ್ಷಗಳು ಕಂಡರೆ ಗಾಬರಿ ಬೇಡ.

ಎರಡನೇ ಕೆಲಸ: ಪದಕವನ್ನು ಗುರುತಿಸುವುದು

ವಿಕ್ಟೋರಿಯಾ ಕಾಲದ ಎಲ್ಲ ಪದಕದ ಮೇಲೂ ಹೆಸರು ಇರುವುದಿಲ್ಲ. ಇದು ಹೊಸಬರಿಗೆ ಗೊತ್ತಿರುವುದಿಲ್ಲ. 1854–55ರ ಬಾಲ್ಟಿಕ್ ಪದಕ ನಾವಿಕರಿಗೆ ಹೆಸರಿಲ್ಲದೆ ಬಂತು. ಕ್ರಿಮಿಯಾ ಪದಕ, 1857–60ರ ಚೀನಾ ಪದಕ ಕೂಡ ನೌಕಾಪಡೆಯವರಿಗೆ ಹೆಚ್ಚಾಗಿ ಹೆಸರಿಲ್ಲದೆಯೇ ಸಿಕ್ಕವು. ಇವುಗಳ ಮೇಲೆ ಹೆಸರು ಕಂಡರೆ ಅದನ್ನು ಪಡೆದವನೇ ಅಕ್ಕಸಾಲಿಗನ ಹತ್ತಿರ ಕೆತ್ತಿಸಿರಬಹುದು. ಇಲ್ಲವೇ ಬೆಲೆ ಜಾಸ್ತಿ ಬರಲಿ ಅಂತ ಯಾರೋ ಇತ್ತೀಚೆಗೆ ಕೆತ್ತಿಸಿರಬಹುದು. ಬರೀ ಹೆಸರು ನೋಡಿ ನಂಬಬೇಡಿ.

ಹೆಸರಿರುವ ಪದಕಗಳಲ್ಲಿ ಒಂದೊಂದಕ್ಕೂ ಒಂದೊಂದು ಗುರುತು. 1867–68ರ ಅಬಿಸೀನಿಯಾ ಪದಕದಲ್ಲಿ ಅಂಚು ಖಾಲಿ. ಹೆಸರು ಹಿಂಬದಿಯ ನಡುವೆ ಉಬ್ಬಿಕೊಂಡಿರುತ್ತದೆ. 1873–74ರ ಅಶಾಂಟಿ ಪದಕದ ಅಂಚಿನಲ್ಲಿ ಹೆಸರು, ಹಡಗಿನ ಜೊತೆಗೆ 73–74 ಎಂಬ ಇಸವಿಯನ್ನೂ ಕೆತ್ತಿರುತ್ತಾರೆ. ಪೂರ್ವ ಮತ್ತು ಪಶ್ಚಿಮ ಆಫ್ರಿಕಾ ಪದಕದಲ್ಲಿ ಬೆನಿನ್ 1897ಕ್ಕೆ ಕ್ಲಾಸ್ಪ್ ಇದೆ. 1895ರ ಎಂವೆಲೆ ದಾಳಿಗೆ ಮಾತ್ರ ಕ್ಲಾಸ್ಪ್ ಇಲ್ಲ, ಜಾಗದ ಹೆಸರನ್ನು ಅಂಚಿನ ಮೇಲೇ ಬರೆದರು. ಕ್ಲಾಸ್ಪ್ ಅಂದರೆ ರಿಬ್ಬನ್ ಮೇಲೆ ಕೂರುವ ಬೆಳ್ಳಿಯ ಅಡ್ಡಪಟ್ಟಿ. ಯಾವ ಕಾಳಗ ಅಂತ ಅದು ಹೇಳುತ್ತದೆ.

ಸ್ಟೀವರ್ಡ್‌ಗಳ ಪದಕ ಹುಡುಕುವವರಿಗೆ ಜಾಸ್ತಿ ಎದುರಾಗುವುದು ಈಜಿಪ್ಟ್ ಪದಕ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಕಡೆ ರಾಣಿ, ಇನ್ನೊಂದು ಕಡೆ ಸ್ಫಿಂಕ್ಸ್. ರಿಬ್ಬನ್‌ನಲ್ಲಿ ಮೂರು ನೀಲಿ, ಎರಡು ಬಿಳಿ ಪಟ್ಟೆ. ಸ್ಫಿಂಕ್ಸ್‌ನ ಕೆಳಗೆ 1882 ಅಂತ ಇದೆಯೇ ನೋಡಿ. ಇದ್ದರೆ ಮೊದಲ ಸುತ್ತಿನ ಯುದ್ಧದಲ್ಲಿ ಪಡೆದದ್ದು. ಇಸವಿ ಇಲ್ಲದಿದ್ದರೆ 1884ರಿಂದ ಮುಂದಿನ ಸುಡಾನ್ ಯುದ್ಧಗಳಲ್ಲಿ ಪಡೆದದ್ದು. 1882ರಲ್ಲೇ ಪದಕ ಪಡೆದವನು ಮತ್ತೆ 1884ರಲ್ಲಿ ಹೋದರೆ ಅವನಿಗೆ ಎರಡನೇ ಪದಕ ಕೊಡುತ್ತಿರಲಿಲ್ಲ, ಹೊಸ ಕ್ಲಾಸ್ಪ್ ಮಾತ್ರ. ಆದ್ದರಿಂದ 1882 ಅಂತ ಇರುವ ಪದಕದ ಮೇಲೆ ಸುವಾಕಿನ್ 1884 ಕ್ಲಾಸ್ಪ್ ಇದ್ದರೆ ಅದು ಸರಿಯೇ. ಇಸವಿಯಿಲ್ಲದ ಪದಕದ ಮೇಲೆ ಅಲೆಕ್ಸಾಂಡ್ರಿಯಾ ಜುಲೈ 11 ಕ್ಲಾಸ್ಪ್ ಇದ್ದರೆ ಮಾತ್ರ ಅನುಮಾನ ಪಡಿ. ಯಾರೋ ಆಮೇಲೆ ಸೇರಿಸಿರಬಹುದು.

ಆ ಕ್ಲಾಸ್ಪ್ ಸಿಗಬೇಕಾದರೆ ಅವನ ಹಡಗು ಆ ದಿನ ಅಲ್ಲಿರಬೇಕು. ಎಂಟು ದೊಡ್ಡ ಕಬ್ಬಿಣದ ಹಡಗುಗಳಿದ್ದವು: ಅಲೆಕ್ಸಾಂಡ್ರಾ, ಸೂಪರ್ಬ್, ಇನ್‌ಫ್ಲೆಕ್ಸಿಬಲ್, ಟೆಮರೇರ್, ಸುಲ್ತಾನ್, ಮೊನಾರ್ಕ್, ಇನ್‌ವಿನ್ಸಿಬಲ್, ಪೆನೆಲೊಪಿ. ಜೊತೆಗೆ ಕಾಂಡಾರ್, ಬೀಕನ್, ಬಿಟರ್ನ್, ಸಿಗ್ನೆಟ್, ಡಿಕಾಯ್ ಎಂಬ ಸಣ್ಣ ಹಡಗುಗಳು. ಅಂಚಿನ ಮೇಲೆ ಬೇರೆ ಹಡಗಿನ ಹೆಸರಿದ್ದು ಈ ಕ್ಲಾಸ್ಪ್ ಇದ್ದರೆ ಮೆಡಲ್ ರೋಲ್, ಅಂದರೆ ಪದಕ ಪಡೆದವರ ಪಟ್ಟಿ ನೋಡದೆ ಮುಂದೆ ಹೋಗಬೇಡಿ. ಅದೇ ವರ್ಷ ಸೆಪ್ಟೆಂಬರ್ 13ರ ಟೆಲ್-ಎಲ್-ಕೆಬೀರ್ ಕಾಳಗ ನಡೆದದ್ದು ದೂರದ ಮರಳುಗಾಡಿನಲ್ಲಿ. ಅಲ್ಲಿಗೆ ಗ್ಯಾಟ್ಲಿಂಗ್ ತುಪಾಕಿಗಳ ಜೊತೆ ಹೋದ ನಾವಿಕರು ಕಡಿಮೆ. ಹಾಗಾಗಿ ಒಬ್ಬ ವಾರ್ಡ್‌ರೂಮ್ ಸ್ಟೀವರ್ಡ್‌ನ ಪದಕದ ಮೇಲೆ ಟೆಲ್-ಎಲ್-ಕೆಬೀರ್ ಕಂಡರೆ ಅದೂ ಪರೀಕ್ಷೆ ಮಾಡಬೇಕಾದ ಸಂಗತಿಯೇ.

ಈಜಿಪ್ಟ್ ಪದಕದ ಜೊತೆ ಸಾಮಾನ್ಯವಾಗಿ ಒಂದು ಕಂಚಿನ ನಕ್ಷತ್ರ ಇರುತ್ತದೆ. ಈಜಿಪ್ಟಿನ ಖೆದಿವ್, ಅಂದರೆ ಅಲ್ಲಿನ ದೊರೆ ಕೊಟ್ಟದ್ದು, ರಿಬ್ಬನ್ ಕಡು ನೀಲಿ. ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ಜೋಡಿಯಲ್ಲಿರುವ ನಕ್ಷತ್ರ ಅವನದೇ ಅಂತ ಸಾಬೀತು ಮಾಡುವುದು ಕಷ್ಟ. ಮನೆತನದಲ್ಲೇ ಉಳಿದು ಬಂದಿದ್ದರೆ ನಂಬಬಹುದು.

ಇನ್ನೊಂದು ಪದಕ ಕಣ್ಣಿಗೆ ಬೀಳಬಹುದು, ಹಡಗಿನ ಚಿತ್ರ ಇರುವ ದೀರ್ಘಸೇವೆ ಮತ್ತು ಸನ್ನಡತೆ ಪದಕ. ಇದು ಯುದ್ಧದ್ದಲ್ಲ, ನಡತೆಯದು. ರಿಬ್ಬನ್ ಸಿಗಿಸುವ ಕೊಂಡಿ ಅಗಲವಾಗಿದ್ದರೆ 1870ರ ದಶಕದ ನಡುವಿಗೂ ಮುಂಚಿನದು, ಕಿರಿದಾಗಿದ್ದರೆ ಆಮೇಲಿನದು. ಒಬ್ಬ ಸ್ಟೀವರ್ಡ್‌ಗೆ ಇದು ಸಿಕ್ಕಿದ್ದರೆ ಅವನು ವರ್ಷಗಟ್ಟಲೆ ಕುಡಿತ, ಜಗಳ, ಕಳವಿನ ದೂರಿಲ್ಲದೆ ಕಳೆದ ಅಂತ ಅರ್ಥ. ರಮ್ ಪೀಪಾಯಿಯ ಪಕ್ಕದಲ್ಲೇ ದಿನ ಕಳೆಯುವವನಿಗೆ ಇದು ಸಣ್ಣ ಮಾತಲ್ಲ.

ಮೂರನೇ ಕೆಲಸ: ರೋಲ್ ತೆಗೆದು ನೋಡುವುದು

ಪದಕ ಏನೇ ಹೇಳಲಿ, ಕೊನೆಯ ಮಾತು ಮೆಡಲ್ ರೋಲ್‌ನದು. ಯಾರಿಗೆ ಯಾವ ಪದಕ, ಯಾವ ಕ್ಲಾಸ್ಪ್ ಅಂತ ಅಡ್ಮಿರಾಲ್ಟಿಯವರು, ಅಂದರೆ ನೌಕಾಪಡೆ ನಡೆಸುತ್ತಿದ್ದ ಇಲಾಖೆಯವರು ಬರೆದಿಟ್ಟ ಪಟ್ಟಿ ಅದು. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಡಿಎಂ 171 ಅನ್ನುವ ಸಾಲಿನಲ್ಲಿ ಇವೆಲ್ಲ ಇವೆ. ಆನ್ಸೆಸ್ಟ್ರಿ ಜಾಲತಾಣದಲ್ಲಿ ಇವುಗಳ ಚಿತ್ರಗಳು ಸಿಗುತ್ತವೆ, ಚಂದಾ ಕಟ್ಟಬೇಕು.

ರೋಲ್‌ಗಳನ್ನು ಯುದ್ಧ, ಆಮೇಲೆ ಹಡಗು ಎಂಬ ಕ್ರಮದಲ್ಲಿ ಜೋಡಿಸಿದ್ದಾರೆ. ಅದಕ್ಕೇ ಅಂಚಿನ ಮೇಲಿನ ಹಡಗಿನ ಹೆಸರು ಅಷ್ಟು ಮುಖ್ಯ. ಸಾಲಿನಲ್ಲಿ ಹೆಸರು, ಹುದ್ದೆ, ಕ್ಲಾಸ್ಪ್ ಇರುತ್ತವೆ. ಪದಕವನ್ನು ಎಲ್ಲಿಗೆ ಕಳಿಸಿದರು ಅನ್ನುವ ಟಿಪ್ಪಣಿಯೂ ಇರುತ್ತದೆ. ಈ ಟಿಪ್ಪಣಿ ಬಂಗಾರದಂಥದ್ದು. ಯುದ್ಧ ಮುಗಿದು ತಿಂಗಳುಗಳಾದ ಮೇಲೆ ಪದಕ ತಯಾರಾಗುತ್ತಿತ್ತು. ಅಷ್ಟರಲ್ಲಿ ಅವನು ಬೇರೆ ಹಡಗಿನಲ್ಲಿರುತ್ತಿದ್ದ. ಪದಕ ಆ ಹೊಸ ಹಡಗಿಗೆ ಹೋಗಿದ್ದರೆ, ಅವನ ಮುಂದಿನ ಠಿಕಾಣಿ ನಿಮಗೆ ಪುಕ್ಕಟೆ ಸಿಕ್ಕಿದ ಹಾಗೆ. ರನ್ ಎಂಬ ಪದ ಕಂಡರೆ ಅವನು ಹಡಗು ಬಿಟ್ಟು ಓಡಿಹೋದ ಅಂತ. ಅಂಥವರಿಗೆ ಪದಕ ಕೈತಪ್ಪುತ್ತಿತ್ತು.

ನಾಲ್ಕನೇ ಕೆಲಸ: ಸೇವಾ ದಾಖಲೆ

ಇಲ್ಲಿ ಮನುಷ್ಯ ಮೊದಲ ಸಲ ಮೈದಾಳುತ್ತಾನೆ. ಯಾವ ವರ್ಷ ಸೇರಿದ ಅನ್ನುವುದರ ಮೇಲೆ ಯಾವ ಪುಸ್ತಕ ನೋಡಬೇಕು ಅನ್ನುವುದು ನಿಂತಿದೆ.

1853ರಿಂದ 1872ರ ನಡುವೆ ಕಂಟಿನ್ಯೂಯಸ್ ಸರ್ವಿಸ್‌ಗೆ ಸಹಿ ಹಾಕಿದವನಾದರೆ ಎಡಿಎಂ 139. ಅಲ್ಲಿ ಅವನಿಗೆ ಒಂದು ಸಂಖ್ಯೆ ಇರುತ್ತದೆ, ಕೆಲವರ ಸಂಖ್ಯೆಯ ಕೊನೆಗೆ ಎ ಅಥವಾ ಬಿ ಅಕ್ಷರ. 1873ರಲ್ಲಿ ಸೇವೆಯಲ್ಲಿದ್ದವರು ಮತ್ತು ಆಮೇಲೆ ಸೇರಿದವರಿಗೆ ಎಡಿಎಂ 188. ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಎಂಬ ಕ್ಯಾಟಲಾಗ್‌ನಲ್ಲಿ ಹೆಸರು ಹಾಕಿ ಸುಮ್ನೆ ಹುಡುಕಬಹುದು, ಅದಕ್ಕೆ ದುಡ್ಡಿಲ್ಲ. ಹೆಸರಿನ ಮುಂದೆ ಹುಟ್ಟಿದ ಊರು, ಹುಟ್ಟಿದ ದಿನ ಕಾಣುತ್ತವೆ. ಪುಟದ ಚಿತ್ರ ಬೇಕಾದರೆ ಶುಲ್ಕ ಕಟ್ಟಿ ಇಳಿಸಿಕೊಳ್ಳಬೇಕು.

ಸಂಖ್ಯೆ ನೋಡಿಯೇ ಕೆಲವು ಸಂಗತಿ ಹೇಳಬಹುದು. 1894ರಿಂದ ಕೆಲಸಕ್ಕೆ ತಕ್ಕಂತೆ ಸಂಖ್ಯೆಗಳನ್ನು ಹಂಚಿದರು. ಅಧಿಕಾರಿಗಳ ಸ್ಟೀವರ್ಡ್ ಮತ್ತು ಅಡುಗೆಯವರಿಗೆ 353001ರಿಂದ ಶುರು. 1908ರಿಂದ ಸಂಖ್ಯೆಗೂ ಮುಂಚೆ ಒಂದು ಅಕ್ಷರ ಬಂತು, ಇವರಿಗೆ ಎಲ್.

1853ಕ್ಕೂ ಹಿಂದಿನವರು, ಇಲ್ಲವೇ 1873ಕ್ಕೆ ಮೊದಲು ಕಂಟಿನ್ಯೂಯಸ್ ಸರ್ವಿಸ್‌ಗೆ ಸೇರದ ಸ್ಟೀವರ್ಡ್‌ಗಳ ವಿಷಯದಲ್ಲಿ ಕೆಲಸ ಕಷ್ಟ. ಅವರಿಗೆ ಒಂದೇ ಕಡೆ ಬರೆದಿಟ್ಟ ದಾಖಲೆ ಇಲ್ಲ. ಹಡಗಿನ ಮಸ್ಟರ್ ಪುಸ್ತಕ, ಅಂದರೆ ಹಾಜರಿ ಪುಸ್ತಕದಲ್ಲಿ ಒಂದೊಂದೇ ಹಡಗು ಹಿಡಿದು ಹುಡುಕಬೇಕು. ಎಡಿಎಂ 38ರಲ್ಲಿ ಬಹಳ ಸಿಗುತ್ತವೆ. ಪಿಂಚಣಿಗೋ ಪದಕಕ್ಕೋ ಅರ್ಜಿ ಹಾಕಿದ್ದರೆ ಎಡಿಎಂ 29ರಲ್ಲಿ ಅವನ ಪೂರ್ತಿ ಸೇವೆಯ ಸಾರಾಂಶವೇ ಇರಬಹುದು. ಅದು ಸಿಕ್ಕಿದರೆ ತಿಂಗಳುಗಳ ಶ್ರಮ ಉಳಿಯಿತು.

ಎಡಿಎಂ 188ರ ಒಂದು ಪುಟ ತೆರೆದಿದ್ದೀರಿ ಅಂತಿಟ್ಟುಕೊಳ್ಳಿ. ಮೇಲೆ ಹುಟ್ಟಿದ ದಿನ, ಊರು, ಸೇರುವ ಮೊದಲು ಮಾಡುತ್ತಿದ್ದ ಕೆಲಸ. ಆಮೇಲೆ ಎತ್ತರ, ಕೂದಲು, ಕಣ್ಣು, ಮೈಬಣ್ಣ, ಗಾಯದ ಗುರುತು, ಹಚ್ಚೆ. ಎಡಗೈಯಲ್ಲಿ ಲಂಗರಿನ ಹಚ್ಚೆ ಅಂತ ಓದಿದಾಗ ಒಂದು ಕ್ಷಣ ಅವನು ಎದುರಿಗೆ ಬಂದು ನಿಂತ ಹಾಗೆ ಆಗುತ್ತದೆ. ಕೆಳಗೆ ಹಡಗುಗಳ ಸಾಲು. ಪ್ರತಿ ಹಡಗಿಗೂ ಹುದ್ದೆ, ಸೇರಿದ ದಿನ, ಬಿಟ್ಟ ದಿನ, ನಡತೆ. ವಿ.ಜಿ. ಅಂದರೆ ನಡತೆ ಬಹಳ ಒಳ್ಳೆಯದು. ಕೊನೆಯಲ್ಲಿ ಶೋರ್ ಅಂತಿದ್ದರೆ ಕೆಲಸ ಮುಗಿಸಿ ದಡ ಸೇರಿದ. ಡಿ.ಡಿ. ಅಂತಿದ್ದರೆ ಸೇವೆಯಲ್ಲಿರುವಾಗಲೇ ತೀರಿಕೊಂಡ.

ಹುದ್ದೆಯ ಕಾಲಂ ಅನ್ನು ಮೇಲಿಂದ ಕೆಳಗೆ ಒಂದೇ ಉಸಿರಿನಲ್ಲಿ ಓದಿ. ಹುಡುಗನಾಗಿ ಸೇರಿ, ಸಹಾಯಕನಾಗಿ, ಶಿಪ್ಸ್ ಸ್ಟೀವರ್ಡ್ ಆದವನ ಏಣಿ ಅಲ್ಲಿ ಕಾಣುತ್ತದೆ. ನಡುವೆ ಒಂದು ಮೆಟ್ಟಿಲು ಕೆಳಗಿಳಿದಿದ್ದರೆ ಏನೋ ಆಗಿದೆ ಅಂತ ಅರ್ಥ. ಆ ದಿನಾಂಕ ಬರೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ನಾನು ಒಮ್ಮೆ ಹೆಸರು, ಹುದ್ದೆ ಎರಡೂ ಸರಿಹೊಂದಿತು ಅಂತ ಒಂದು ಪುಟಕ್ಕೆ ದುಡ್ಡು ಕಟ್ಟಿ, ವಾರಗಟ್ಟಲೆ ಆ ಮನುಷ್ಯನ ಹಿಂದೆ ಬಿದ್ದೆ. ಆಮೇಲೆ ನೋಡಿದರೆ ಪದಕದ ಹಡಗೇ ಅವನ ಪಟ್ಟಿಯಲ್ಲಿ ಇರಲಿಲ್ಲ. ಅದೇ ಹೆಸರಿನ ಇನ್ನೊಬ್ಬ ಇದ್ದ. ಅಂದಿನಿಂದ ನನ್ನ ನಿಯಮ ಒಂದೇ: ಅಂಚಿನ ಹಡಗು, ಯುದ್ಧದ ದಿನಾಂಕ, ಸೇವಾ ದಾಖಲೆಯ ಸಾಲು, ಮೂರೂ ಒಂದರ ಮೇಲೊಂದು ಕೂರಬೇಕು.

ಒಂದೇ ಸುಳಿವು ಸಾಲದು: ಫ್ರಾಂಕ್ಲಿನ್ ತಂಡದ ಸ್ಟೀವರ್ಡ್

ಗುರುತು ಹಿಡಿಯುವುದು ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಎರೆಬಸ್ ಮತ್ತು ಟೆರರ್ ಎಂಬ ಎರಡು ಹಡಗು ತೆಗೆದುಕೊಂಡು ಉತ್ತರ ಧ್ರುವದ ಹಿಮದೊಳಗೆ ಹೋದರು. ಯಾರೂ ಮರಳಲಿಲ್ಲ. ಎರಡೂ ಹಡಗಿನಲ್ಲಿ ಕ್ಯಾಪ್ಟನ್‌ಗಳ, ಗನ್‌ರೂಮಿನ ಸ್ಟೀವರ್ಡ್‌ಗಳಿದ್ದರು. ಟೆರರ್‌ನ ಕ್ಯಾಪ್ಟನ್ ಕ್ರೋಜಿಯರ್ ಅವರ ಸ್ಟೀವರ್ಡ್ ಥಾಮಸ್ ಜಾಪ್ಸನ್, ಅದೇ ಹಡಗಿನ ಗನ್‌ರೂಮ್ ಸ್ಟೀವರ್ಡ್ ಥಾಮಸ್ ಆರ್ಮಿಟೇಜ್.

1859ರ ಮೇ ತಿಂಗಳಲ್ಲಿ, ಈ ತಂಡವನ್ನು ಹುಡುಕುತ್ತ ಹೋದ ಲಿಯೊಪೋಲ್ಡ್ ಮೆಕ್‌ಕ್ಲಿಂಟಾಕ್ ಅವರಿಗೆ ಕಿಂಗ್ ವಿಲಿಯಂ ದ್ವೀಪದ ದಕ್ಷಿಣ ತೀರದಲ್ಲಿ ಬೋರಲು ಬಿದ್ದ ಒಂದು ಅಸ್ಥಿಪಂಜರ ಕಂಡಿತು. ಪಕ್ಕದಲ್ಲಿ ಒಂದು ಪಾಕೆಟ್ ಪುಸ್ತಕ. ಅದರಲ್ಲಿದ್ದ ಪತ್ರ ಹ್ಯಾರಿ ಪೆಗ್ಲಾರ್ ಎಂಬ ನಾವಿಕನದು. ಹಾಗಾದರೆ ಇವನೇ ಪೆಗ್ಲಾರ್ ಅಲ್ವಾ? ಮೆಕ್‌ಕ್ಲಿಂಟಾಕ್ ಬಟ್ಟೆ ನೋಡಿದರು. ಕತ್ತಿನ ವಸ್ತ್ರಕ್ಕೆ ಸಡಿಲವಾದ ಬೋ ಗಂಟು ಹಾಕಿತ್ತು. ನಾವಿಕರಾಗಲಿ ಅಧಿಕಾರಿಗಳಾಗಲಿ ಹಾಗೆ ಕಟ್ಟುತ್ತಿರಲಿಲ್ಲ. ಹತ್ತಿರದಲ್ಲೇ ಒಂದು ಬಟ್ಟೆ ಬ್ರಷ್, ಒಂದು ಬಾಚಣಿಗೆ. ಇವನು ಸ್ಟೀವರ್ಡ್ ಅಥವಾ ಅಧಿಕಾರಿಯ ಸೇವಕ ಇರಬೇಕು ಅಂತ ಅವರು ತೀರ್ಮಾನಿಸಿದರು.

ಪತ್ರ ಒಬ್ಬರ ಹೆಸರು ಹೇಳಿತು, ಗಂಟು ಇನ್ನೊಬ್ಬರ ಕೆಲಸ ಹೇಳಿತು. ಮುಂದೆ ಸಂಶೋಧಕರು ಹಳೇ ಹಡಗುಗಳ ಹಾಜರಿ ಪುಸ್ತಕ ತೆಗೆದು, ಪೆಗ್ಲಾರ್ ಜೊತೆ ಮೊದಲೇ ದುಡಿದ ಸ್ಟೀವರ್ಡ್‌ಗಳು ಯಾರು ಅಂತ ಹುಡುಕಿದರು. ಆರ್ಮಿಟೇಜ್ ಹೆಸರು ಬಂತು, ವಿಲಿಯಂ ಗಿಬ್ಸನ್ ಹೆಸರೂ ಬಂತು. ನೀವು ಮಾಡಬೇಕಾದ್ದೂ ಇದೇ. ಮನುಷ್ಯನ ಸುತ್ತಲಿನವರನ್ನು ಹುಡುಕಿ.

ಫ್ರಾಂಕ್ಲಿನ್ ತಂಡದವರ ಮನೆಯವರಿಗೆ ಆಮೇಲೆ ಆರ್ಕ್ಟಿಕ್ ಪದಕ ಕೊಟ್ಟರು. ಎಂಟು ಮೂಲೆಯ ಬೆಳ್ಳಿ ಪದಕ, ಬಿಳಿ ರಿಬ್ಬನ್, 1857ರಲ್ಲಿ ಶುರುವಾದದ್ದು. ಅದರ ಮೇಲೂ ಹೆಸರಿಲ್ಲ. 1875–76ರ ಆರ್ಕ್ಟಿಕ್ ಯಾತ್ರೆಯ ಪದಕಕ್ಕೆ ಮಾತ್ರ ಹೆಸರಿದೆ.

ಐದನೇ ಕೆಲಸ: ಹಡಗಿನ ಹಿಂದೆ ಹೋಗುವುದು

ಸೇವಾ ದಾಖಲೆ ಬರೀ ಹಡಗಿನ ಹೆಸರು ಕೊಡುತ್ತದೆ. ಆ ಹಡಗು ಎಲ್ಲಿ ಹೋಯಿತು ಅನ್ನುವುದು ಎಡಿಎಂ 53ರ ಲಾಗ್ ಪುಸ್ತಕಗಳಲ್ಲಿದೆ. ಗಾಳಿ, ಸಮುದ್ರ, ಶಿಕ್ಷೆ, ಬಂದರು ಎಲ್ಲ ದಿನದಿನದ್ದು. ಸ್ಟೀವರ್ಡ್ ಹೆಸರು ಅಲ್ಲಿ ಬರುವುದು ಅಪರೂಪ. ಆದರೆ ಇಂಥ ದಿನ ಇಷ್ಟು ಪೌಂಡು ತಾಜಾ ಮಾಂಸ, ಇಷ್ಟು ತರಕಾರಿ ಹಡಗಿಗೆ ಬಂತು ಅನ್ನುವ ಸಾಲು ಬರುತ್ತದೆ. ಅದನ್ನು ತೂಗಿ ಒಳಗಿಟ್ಟವನು ನಿಮ್ಮ ಉಗ್ರಾಣದವನೇ. ಈ ಲಾಗ್‌ಗಳು ಹೆಚ್ಚಾಗಿ ಕ್ಯೂನಲ್ಲೇ ಕೂತು ನೋಡಬೇಕಾದವು. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಗುರುತಿನ ಚೀಟಿ ತೋರಿಸಿದರೆ ರೀಡರ್ಸ್ ಟಿಕೆಟ್ ಉಚಿತ.

ಕ್ಯಾಪ್ಟನ್ಸ್ ಸ್ಟೀವರ್ಡ್ ಆಗಿದ್ದರೆ ಇನ್ನೊಂದು ಒಳದಾರಿ ಇದೆ. ನಂಬಿಕೆಯ ಸ್ಟೀವರ್ಡ್‌ನನ್ನು ಕ್ಯಾಪ್ಟನ್‌ಗಳು ಹೊಸ ಹಡಗಿಗೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಧಿಕಾರಿಯ ದಾಖಲೆ ಎಡಿಎಂ 196ರಲ್ಲಿ ಸಿಗುತ್ತದೆ. ಇಬ್ಬರ ಹಡಗುಗಳ ಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ. ಮೂರು ಹಡಗಿನ ಉದ್ದಕ್ಕೂ ಇಬ್ಬರೂ ಒಟ್ಟಿಗೆ ಕಂಡರೆ ಅಲ್ಲಿ ಒಂದು ಸಂಬಂಧ ಇತ್ತು.

ಕಾಳಗದ ಹೊತ್ತಿನಲ್ಲಿ ಸ್ಟೀವರ್ಡ್ ಏನು ಮಾಡುತ್ತಿದ್ದ? ಬಡಿಸುವ ಕೆಲಸ ಇರುತ್ತಿರಲಿಲ್ಲ. ಇಂಥವರನ್ನು ಸಾಮಾನ್ಯವಾಗಿ ಕೆಳಗಿನ ಅಟ್ಟಗಳಿಗೆ ಹಾಕುತ್ತಿದ್ದರು. ಮದ್ದುಗುಂಡು ಮೇಲಕ್ಕೆ ಸಾಗಿಸುವುದು, ಗಾಯಾಳುಗಳನ್ನು ಹೊರುವುದು, ಸರ್ಜನ್ ಹತ್ತಿರ ನಿಲ್ಲುವುದು. ಮೇಲೆ ಏನಾಗುತ್ತಿದೆ ಅಂತ ಕಾಣದ ಕತ್ತಲೆಯಲ್ಲಿ, ಮದ್ದಿನ ಕೋಣೆಯ ಪಕ್ಕ ಬೆಳಗಿನಿಂದ ಸಂಜೆವರೆಗೆ ನಿಂತಿರುವುದು. ಅಲೆಕ್ಸಾಂಡ್ರಿಯಾದಲ್ಲಿ ಗುಂಡಿನ ಸದ್ದು ಬೆಳಗ್ಗೆ 7ಕ್ಕೆ ಶುರುವಾಗಿ ಸಂಜೆವರೆಗೂ ನಡೆಯಿತು.

ದಡದ ಮೇಲಿನ ಬದುಕು

ಇದನ್ನು ಬೇಗ ಹೇಳುತ್ತೇನೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ 1837ರ ಜುಲೈನಿಂದ ಇದೆ. ಜನಗಣತಿ ಹತ್ತು ವರ್ಷಕ್ಕೊಮ್ಮೆ. 1861ರಿಂದ ವಿದೇಶದಲ್ಲಿದ್ದ ನೌಕಾಪಡೆಯ ಹಡಗುಗಳನ್ನೂ ಎಣಿಸಿದರು. 1881ರ ಏಪ್ರಿಲ್ 3ರ ರಾತ್ರಿಯ ಎಣಿಕೆ ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹಡಗಿನ ಪುಟದಲ್ಲಿ ಅವನ ವಯಸ್ಸು, ಮದುವೆ ಆಗಿದೆಯೋ ಇಲ್ಲವೋ, ಹುಟ್ಟಿದ ಊರು ಇರುತ್ತವೆ. ಅದೇ ರಾತ್ರಿ ಪೋರ್ಟ್ಸ್‌ಮತ್‌ನಲ್ಲೋ ಡೆವನ್‌ಪೋರ್ಟ್‌ನಲ್ಲೋ ಅವನ ಹೆಂಡತಿ ಇನ್ನೊಂದು ಪುಟದಲ್ಲಿ, ನಾವಿಕನ ಹೆಂಡತಿ ಅಂತ ಬರೆಸಿರುತ್ತಾಳೆ. ಎರಡನ್ನೂ ಸೇರಿಸುವುದು ನಿಮ್ಮ ಕೆಲಸ.

ಗೋವಾದ ಸ್ಟೀವರ್ಡ್‌ಗಳು

ನಮ್ಮ ಕರಾವಳಿಯ ಓದುಗರಿಗೆ ಈ ಭಾಗ ಹತ್ತಿರದ್ದು. ರಾಯಲ್ ನೇವಿಯ ಈಸ್ಟ್ ಇಂಡೀಸ್ ಪಡೆ ಹಿಂದೂ ಮಹಾಸಾಗರ, ಪರ್ಷ್ಯನ್ ಕೊಲ್ಲಿ, ಪೂರ್ವ ಆಫ್ರಿಕಾದ ತೀರ ಕಾಯುತ್ತಿತ್ತು. ಬೊಂಬಾಯಿ, ಟ್ರಿಂಕೋಮಲಿ ಅದರ ಮುಖ್ಯ ಬಂದರುಗಳು. ಈ ಹಡಗುಗಳಲ್ಲಿ ಅಧಿಕಾರಿಗಳ ಸ್ಟೀವರ್ಡ್ ಮತ್ತು ಅಡುಗೆಯವರಾಗಿ ಗೋವಾದವರು ಬಹಳ ಜನ ಇದ್ದರು. ಮೆಡಿಟರೇನಿಯನ್ ಪಡೆಯಲ್ಲಿ ಮಾಲ್ಟಾದವರು ಹೇಗೋ, ಇಲ್ಲಿ ಗೋವಾದವರು ಹಾಗೆ. ಜಂಜಿಬಾರ್‌ನಲ್ಲಿ ಗುಲಾಮರ ಸಾಗಾಟ ತಡೆಯಲು 1874ರಿಂದ ಲಂಗರು ಹಾಕಿದ್ದ ಲಂಡನ್ ಎಂಬ ಹಳೇ ಹಡಗು ಇದೇ ಪಡೆಯದು.

ಇವರ ದಾಖಲೆ ಹುಡುಕುವಾಗ ಮೊದಲ ತೊಡಕು ಹೆಸರಿನದು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಡಿಸೋಜ ಅನ್ನುವ ಒಂದೇ ಮನೆತನದ ಹೆಸರನ್ನು ಡೆ ಸೌಜಾ, ಡಿಸೂಜಾ, ಬರೀ ಸೂಜಾ ಅಂತೆಲ್ಲ ಹುಡುಕಬೇಕು. ಫೆರ್ನಾಂಡಿಸ್‌ಗೂ ಕೊನೆಯಲ್ಲಿ ಎಸ್, ಝಡ್ ಎರಡೂ ಬರುತ್ತವೆ. ಡಿಸ್ಕವರಿಯಲ್ಲಿ ಹೆಸರು ಬಿಟ್ಟು ಹುಟ್ಟಿದ ಊರನ್ನೇ ಗೋವಾ ಅಂತ ಹಾಕಿ ಹುಡುಕಿ. ಗೋವಾದೊಳಗಿನ ಬಾರ್ದೇಸ್, ಸಾಲ್ಸೆಟ್ ತಾಲೂಕುಗಳ ಹೆಸರನ್ನೂ ಹಾಕಿ ನೋಡಿ. ಹುಟ್ಟಿದ ದಿನ ಅಂದಾಜಿನದ್ದಾಗಿರಬಹುದು, ಅದನ್ನೇ ಹಿಡಿದು ಕೂರಬೇಡಿ.

ಮುಂದಿನ ದಾರಿ ಕ್ಯೂನಲ್ಲಿ ಇಲ್ಲ. ಆಗ ಗೋವಾ ಪೋರ್ಚುಗೀಸರ ಕೈಲಿತ್ತು, ಚರ್ಚಿನ ಬ್ಯಾಪ್ಟಿಸಂ ಪುಸ್ತಕಗಳೇ ಆಧಾರ. ಅವನ್ನು ಊರಿನ ಚರ್ಚಿನಲ್ಲಿ, ಪಣಜಿಯ ಸರ್ಕಾರಿ ಪತ್ರಾಗಾರದಲ್ಲಿ ಕೇಳಬೇಕು. ಮುಂಬೈನಲ್ಲಿ ಊರಿಗೊಂದರಂತೆ ಇದ್ದ ಕೂಡ್‌ಗಳನ್ನೂ ಮರೆಯಬೇಡಿ. ಹಡಗಿನ ಕೆಲಸ ಹುಡುಕಿಕೊಂಡು ಬಂದ ಗೋವಾದವರು ಇಳಿದುಕೊಳ್ಳುತ್ತಿದ್ದ ವಸತಿಗಳವು. ಕೆಲವು ಇವತ್ತಿಗೂ ಇವೆ. ಮಂಗಳೂರು, ಕಾರವಾರದ ಕಡೆ ಯಾರದಾದರೂ ಮನೆಯ ಟ್ರಂಕಿನಲ್ಲಿ ಸ್ಫಿಂಕ್ಸ್ ಇರುವ ಬಿಲ್ಲೆ ಇದ್ದರೆ, ಅಜ್ಜಿಯನ್ನು ಕೂರಿಸಿಕೊಂಡು ಮೊದಲು ಊರಿನ ಹೆಸರು ಕೇಳಿ ಬರೆದುಕೊಳ್ಳಿ.

ಬರೆದಿಡುವುದು

ಒಂದು ಉದ್ದ ಹಾಳೆ ತೆಗೆದುಕೊಂಡು ಮೂರು ಕಾಲಂ ಮಾಡಿ. ದಿನಾಂಕ, ನಡೆದದ್ದು, ಎಲ್ಲಿಂದ ಗೊತ್ತಾಯಿತು. ಮೂರನೇ ಕಾಲಂ ಖಾಲಿ ಇರುವ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ದಾಖಲೆ ಸಿಕ್ಕ ಮೇಲೆ ಪೆನ್ನಿನಲ್ಲಿ. ಹಡಗು ಅಲೆಕ್ಸಾಂಡ್ರಿಯಾದಲ್ಲಿತ್ತು, ಅವನು ಹಡಗಿನಲ್ಲಿದ್ದ ಅಂತ ದಾಖಲೆ ಹೇಳಿದರೆ ಅಷ್ಟನ್ನೇ ಬರೆಯಿರಿ. ಗುಂಡು ಹಾರಿಸಿದ ಅಂತ ಸೇರಿಸಬೇಡಿ. ಅವನು ಮಾಡಿದ್ದನ್ನು ಇದ್ದ ಹಾಗೆ ಹೇಳುವುದೇ ಅವನಿಗೆ ಕೊಡುವ ಮರ್ಯಾದೆ.

ಪದಕವನ್ನು ಪಿವಿಸಿ ಕವರಿನಲ್ಲಿ ಇಡಬೇಡಿ, ಅದು ಬೆಳ್ಳಿಯನ್ನು ಹಾಳುಮಾಡುತ್ತದೆ. ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ, ಒಣಗಿದ ಜಾಗದಲ್ಲಿಡಿ. ಹಳೇ ರಿಬ್ಬನ್ ಹರಿದಿದ್ದರೂ ಎಸೆಯಬೇಡಿ. ನೀವು ಬರೆದ ಹಾಳೆಯ ಒಂದು ಪ್ರತಿಯನ್ನು ಮಡಚಿ ಅದೇ ಡಬ್ಬಿಯೊಳಗೆ ಇಡಿ.